ಬೀಗವೂ ಬೀಗುವಿಕೆಯೂ

‘ಬೀಗ’ ಎಂಬ ಮಾತಿಗೂ ‘ಬೀಗು’ ಎಂಬ ಮಾತಿಗೂ ನಂಟು ಉಂಟೋ ಇಲ್ಲವೋ, ಅದನ್ನು ಪಂಡಿತರೇ ಹೇಳಬೇಕು. ಲೋಕವ್ಯವಹಾರದಲ್ಲಂತೂ ನಂಟು ಉಂಟು. ತಲೆಬಾಗಿಲಿಗೆ ಹೊಸ ಬೀಗವನ್ನು ಹಾಕಿಸಿದ ಗೃಹಸ್ಥನು ಎರಡು ದಿನವಾದರೂ ಬೀಗದೆ ಇರಲಾರನು. ಬಂದವರಿಗೆಲ್ಲ ಬೀಗದಕೈಯನ್ನು ತೋರಿಸಿ, “ಇದನ್ನು ಬ್ರಹ್ಮನೂ ತೆಗೆಯಲಾರ” ಎನ್ನುತ್ತಾನೆ. ಅದು ಯಾವ ಜಾತಿಯ ಬೀಗ, ಅದರ ಒಳಗೆ ಏನಿದೆ ಎಂದು ಕೇಳಿದರೆ ಮಾತ್ರ ಅಂಗಡಿಯ ಹೆಸರನ್ನೂ ಕೊಟ್ಟ ಬೆಲೆಯನ್ನೂ ಹೇಳಿ ಸುಮ್ಮನಾಗುತ್ತಾನೆ.

ಈ ಅಜ್ಞಾನದಿಂದ ದಿನನಿತ್ಯದಲ್ಲಿ ನಷ್ಟವೇನೂ ಇಲ್ಲ. ಆದರೆ ಮನೆಯ ಹಿರಿಯರು ತೀರಿಕೊಂಡು, ಅವರ ತಿಜೋರಿಯೂ ಒಂದು ಗೊಂಚಲು ಬೀಗದಕೈಗಳೂ ಮಕ್ಕಳ ಪಾಲಿಗೆ ಬಂದಾಗ ಪೇಚಾಟ ಮೊದಲಾಗುತ್ತದೆ. ಒಂದು ಕೈ ಹೋಗುತ್ತದೆ, ತಿರುಗುವುದಿಲ್ಲ; ಇನ್ನೊಂದು ಒಳಕ್ಕೇ ಹೋಗುವುದಿಲ್ಲ. ಒಬ್ಬರು ಎಣ್ಣೆ ಬಿಡುತ್ತಾರೆ, ಒಬ್ಬರು ಸುತ್ತಿಗೆಯನ್ನು ತರುತ್ತಾರೆ. ಸುತ್ತಿಗೆ ಬಿದ್ದ ಮೇಲೆ ಉತ್ತಮವಾದ ಬೀಗವು ಮತ್ತಷ್ಟು ಬಿಗಿದುಕೊಳ್ಳುವುದೇ ಹೆಚ್ಚು.

ಅಪರಿಚಿತವಾದ ಬೀಗದ ಕುಲಗೋತ್ರವನ್ನು ತಿಳಿಯಬೇಕಾದವರು ಮೊದಲು ಅದರ ಕೈಯನ್ನೂ ಕಂಡಿಯನ್ನೂ ನೋಡಬೇಕು. ದುಂಡುಕಡ್ಡಿಯ ತುದಿಯಲ್ಲಿ ಬಾವುಟದಂತೆ ಚಾಚಿದ ತಗಡಿನಲ್ಲಿ ಮೆಟ್ಟಿಲುಗಳಿದ್ದರೆ ಅದು ಲಿವರುಗಳ ಬೀಗ. ಚಪ್ಪಟೆಯಾದ ಕೈಯ ಅಂಚು ಗರಗಸದಂತಿದ್ದರೆ ಒಳಗೆ ಸಾಲಾಗಿ ಸಣ್ಣ ಮೊಳೆಗಳಿವೆ. ಅಮೆರಿಕದ ಲೈನಸ್ ಯೇಲ್ ಎಂಬಾತನು 1860ರ ದಶಕದಲ್ಲಿ ಆ ಬಗೆಗೆ ಈಗಿನ ರೂಪವನ್ನು ಕೊಟ್ಟನು. ಅಂಚಿನ ಬದಲು ಮೈಮೇಲೆಯೇ ಸಣ್ಣ ಸಣ್ಣ ಗುಳಿಗಳಿದ್ದರೆ ಅದೇ ವಂಶದ ಬಿಗಿಯಾದ ಇನ್ನೊಂದು ಕವಲು. ಕಂಡಿಯು ಅರ್ಧಚಂದ್ರಾಕಾರವಾಗಿದ್ದರೆ ಒಳಗೆ ತಿರುಗುವ ಬಿಲ್ಲೆಗಳಿರಬಹುದು; ಅದು ಫಿನ್‌ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ಬಗೆ. ಕೈಯು ಪುಟ್ಟ ಕೊಳವೆಯಂತಿದ್ದು ತುದಿಯಲ್ಲಿ ಸೀಳುಗಳಿದ್ದರೆ, ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1784ರಲ್ಲಿ ಹಕ್ಕು ಪಡೆದ ಬೀಗದ ನೆನಪಾಗಬೇಕು.

ರೂಪದಿಂದ ಜಾತಿ ತಿಳಿದೀತು. ಸ್ವಭಾವ ತಿಳಿಯಬೇಕಾದರೆ, ಮಾಡಿದವನಿಗೆ ಯಾವುದರ ಭಯವಿತ್ತು ಎಂದು ಕೇಳಬೇಕು. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೈಗಳಿಂದ ಬಾಗಿಲು ತೆಗೆದು ಕಳವು ಮಾಡಿದರು. ತನ್ನ ಕೈಗಲ್ಲದೆ ಬೇರಾವುದಕ್ಕೂ ತೆಗೆಯದ ಬೀಗವನ್ನು ಮಾಡಿದವರಿಗೆ ಸರ್ಕಾರವು 100 ಪೌಂಡುಗಳ ಬಹುಮಾನವನ್ನು ಸಾರಿತು. ಮರುವರ್ಷ ಜೆರೆಮಯ ಚಬ್ ಎಂಬಾತನು ಒಂದು ವಿಚಿತ್ರವಾದ ಬೀಗವನ್ನು ಮಾಡಿ ಅದನ್ನು ಗೆದ್ದನು. ಸಲ್ಲದ ಉಪಕರಣವೊಂದು ಒಳಗಿನ ಲಿವರನ್ನು ತುಸು ಹೆಚ್ಚು ಎತ್ತಿದರೆ ಸಾಕು, ಒಂದು ಸ್ಪ್ರಿಂಗು ಅದನ್ನು ಅಲ್ಲಿಯೇ ಕಚ್ಚಿ ಹಿಡಿಯುತ್ತಿತ್ತು. ಆಮೇಲೆ ಒಡೆಯನ ಕೈಗೂ ಬೀಗ ಮಣಿಯುತ್ತಿರಲಿಲ್ಲ. ಮೊದಲು ಅದನ್ನು ಸರಿಪಡಿಸಲು ಬೇರೆಯೇ ಒಂದು ಕೈ ಬೇಕಾಗಿತ್ತು. 1824ರ ಸುಧಾರಣೆಯಾದ ಮೇಲೆ ಒಡೆಯನ ಕೈಯನ್ನೇ ಒಮ್ಮೆ ಎದುರು ದಿಕ್ಕಿಗೆ ತಿರುಗಿಸಿದರೆ ಸಾಕಾಯಿತು. ಸುಳಿವು ತಿಳಿಯದವನಿಗೆ ಅದು ಕೆಟ್ಟುಹೋದ ಬೀಗ. ತಿಳಿದವನಿಗೆ, “ನೀನಿಲ್ಲದಾಗ ಯಾರೋ ಕೈಯಾಡಿಸಿದ್ದಾರೆ” ಎಂದು ವರದಿ ಒಪ್ಪಿಸುವ ಕಾವಲುಗಾರ. ಬೀಗವೊಂದೇ, ಮನೆಯ ಹಿತಾಹಿತವು ನಿಂತದ್ದು ಅದನ್ನು ಬಲ್ಲವರಿದ್ದಾರೆಯೇ ಎಂಬುದರ ಮೇಲೆ.

ಬೀಗುವಿಕೆಗೂ ಆ ಕಾಲದಲ್ಲಿ ಕೊರತೆಯಿರಲಿಲ್ಲ. ಲಂಡನ್ನಿನ ಪಿಕಡಿಲಿಯಲ್ಲಿದ್ದ ಬ್ರಾಮಾ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ತೂಗುಹಾಕಿ, ಇದನ್ನು ತೆಗೆಯುವ ಉಪಕರಣವನ್ನು ಮಾಡಿದವರಿಗೆ 200 ಗಿನಿ ಎಂದು ಬರೆದಿದ್ದರು. ದಶಕಗಳು ಕಳೆದರೂ ಹಣ ಪಡೆದವರಿಲ್ಲ. 1851ರ ಮಹಾಪ್ರದರ್ಶನಕ್ಕೆ ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಬೀಗದ ಕುಶಲಿಯು ಲಂಡನ್ನಿಗೆ ಬಂದನು. ಮೊದಲು ವೆಸ್ಟ್‌ಮಿನ್‌ಸ್ಟರಿನ ಮನೆಯೊಂದರ ಭದ್ರಕೋಣೆಗೆ ಹಾಕಿದ್ದ ಚಬ್ ಬೀಗವನ್ನು ಸಾಕ್ಷಿಗಳೆದುರಿಗೆ 25 ನಿಮಿಷಗಳಲ್ಲಿ ತೆಗೆದನು. ಆಮೇಲೆ ಹಲವು ದಿನಗಳಲ್ಲಿ ಸುಮಾರು 50 ಗಂಟೆ ದುಡಿದು ಬ್ರಾಮಾ ಬೀಗವನ್ನೂ ತೆಗೆದು 200 ಗಿನಿಗಳನ್ನು ಎಣಿಸಿಕೊಂಡನು. ಊರೆಲ್ಲ ಗಾಬರಿಯಾಯಿತು. ಇಂಥದನ್ನು ಬಯಲು ಮಾಡಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೇ ಎಂದು ಕೆಲವರು ಆಕ್ಷೇಪಿಸಿದರು. ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದವರು ಒಡೆಯರು ಮಾತ್ರ ಎಂಬುದು ಹಾಬ್ಸನ ವಾದ. ಅವನು ಹೆಮ್ಮೆಯಿಂದ ತಂದಿದ್ದ ಅಮೆರಿಕದ ಬೀಗವೂ ಕೆಲವೇ ವರ್ಷಗಳಲ್ಲಿ ಮೇಲೆ ಹೇಳಿದ ಯೇಲನ ಕೈಗೆ ಸೋತಿತು. ಬೀಗಿದವರೆಲ್ಲ ಸರದಿಯಂತೆ ಬಾಗಿದರು.

ಆದ್ದರಿಂದ ಬೀಗವು ಮಾರಿಕೊಡುವುದು ಕಾಲಾವಕಾಶವನ್ನು. ಕಳ್ಳನಿಗೆ ಕೆಲಸವನ್ನು ತಡವಾಗಿಸುವುದು, ಸದ್ದಾಗುವಂತೆ ಮಾಡುವುದು, ಗುರುತನ್ನು ಉಳಿಸುವುದು ಅದರ ಧರ್ಮ. ಅಷ್ಟು ತಿಳಿದ ಗೃಹಸ್ಥನು ಮಾಡಬೇಕಾದುದು ಅಲ್ಪ. ಬೀಗದ ಜಾತಿಯನ್ನೂ, ತಯಾರಕರ ಹೆಸರನ್ನೂ, ಯಾವ ಕಡೆಗೆ ಎಷ್ಟು ಸುತ್ತು ತಿರುಗಿಸಬೇಕೆಂಬುದನ್ನೂ ಬರೆದಿಡಬೇಕು. ಕೈಯ ಸಂಖ್ಯೆಯಿರುವ ಚೀಟಿಯನ್ನು ಬೇರೆಡೆ ಜೋಪಾನ ಮಾಡಬೇಕು. ಇದು ಯಾವ ಬೀಗವೆಂದು ಕೇಳಲು ಬೀಗದಕೈಯ ಪೂರ್ತಿ ಚಿತ್ರವನ್ನು ಫೋನಿನಲ್ಲಿ ತೆಗೆದು ಕಂಡಕಂಡವರಿಗೆ ಕಳುಹಿಸಬಾರದು; ಹಲ್ಲುಗಳ ಚಿತ್ರವೊಂದರಿಂದಲೇ ಇನ್ನೊಂದು ಕೈಯನ್ನು ಮಾಡಬಲ್ಲವರಿದ್ದಾರೆ. ಹಿಡಿಯ ಮೇಲಿನ ಮುದ್ರೆಯನ್ನು, ಅಲ್ಲಿ ಸಂಖ್ಯೆಯಿದ್ದರೆ ಅದನ್ನು ಮರೆಮಾಡಿ, ತೋರಿಸಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು, ಈ ವಿವರವನ್ನು ಯಜಮಾನನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳದೆ ಹೆಂಡತಿಗೋ ಬೆಳೆದ ಮಗಳಿಗೋ ಹೇಳಿರಬೇಕು. ಕಳ್ಳನಿಗೆ ಹೆದರಿ ಹಾಕಿಸಿದ ಬೀಗವು ಮನೆಯವರನ್ನೇ ಹೊರಗೆ ನಿಲ್ಲಿಸಿದರೆ, ಬೀಗ ಮಾಡಿದವನ ತಪ್ಪು ಅದರಲ್ಲಿ ಏನೂ ಇಲ್ಲ.