ಮೊದಲು ಕಾವು, ಆಮೇಲೆ ಹಾಲು

ನಿಮ್ಮ ಓಣಿಯಲ್ಲಿ ಗಬ್ಬದ ನಾಯಿ ಇದೆಯೇ? ಹಾಗಿದ್ದರೆ ಇದನ್ನು ಓದಿ.

ನಾಯಿಯ ಗರ್ಭದ ಅವಧಿ ಸುಮಾರು 63 ದಿನ, ಅಂದರೆ ಒಂಬತ್ತು ವಾರ. ಕೊನೆಯ ವಾರಗಳಲ್ಲಿ ಹೊಟ್ಟೆಯೊಳಗಿನ ಮರಿಗಳು ಬೇಗ ಬೆಳೆಯುತ್ತವೆ. ಆಗ ತಾಯಿಗೆ ಹೆಚ್ಚು ಆಹಾರ ಬೇಕು. ಅದನ್ನು ಒಂದೇ ಸಲ ಹಾಕದೆ, ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಬೇಕು. ಕುಡಿಯಲು ನೀರು ಸದಾ ಇರಲಿ.

ಕುಳಗೇರಿ ಕ್ರಾಸ್‌ನಲ್ಲಿ ನಮ್ಮ ಮನೆಯ ರೊಟ್ಟಿ ತಿಂದು ಬೆಳೆದ ಕೆಂದು ಬಣ್ಣದ ಬೀದಿನಾಯಿಯೊಂದು ಚಳಿಗಾಲದಲ್ಲಿ ಗಬ್ಬವಾಗಿತ್ತು. ಹೆದ್ದಾರಿಯ ಲಾರಿಗಳಿಂದ ದೂರವಾಗಿ, ಹಿತ್ತಲ ಗೋಡೆಯ ಮರೆಯಲ್ಲಿ ಗೋಣಿಚೀಲ ಹಾಸಿಕೊಟ್ಟೆವು. ಒಂದು ಸಂಜೆ ಅದು ರೊಟ್ಟಿ ಮೂಸಿ ಬಿಟ್ಟಿತು. ಗೋಣಿಯನ್ನು ಕಾಲಿನಿಂದ ಕೆದರತೊಡಗಿತು. ಇವು ಹೆರಿಗೆ ಹತ್ತಿರವಾದ ಗುರುತುಗಳು. ಬೆಳಗಾಗುವಷ್ಟರಲ್ಲಿ ಐದು ಮರಿಗಳು ಹುಟ್ಟಿದ್ದವು.

ನಾಲ್ಕು ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದವು. ಐದನೆಯದು ಉರುಳಿ ಬರಿನೆಲದ ಮೇಲೆ ಬಿದ್ದಿತ್ತು. ಮುಟ್ಟಿದರೆ ಕಲ್ಲಿನಂತೆ ತಣ್ಣಗೆ! ನಾನು ಹಾಲು ತರಲೇ ಎಂದು ಕೇಳಿದೆ. ಅವ್ವ ತಡೆದಳು: "ಮೊದ್ಲ ಕಾವು ಕೊಡಬೇಕು. ಹಾಲು ಆಮ್ಯಾಲ."

ಯಾಕೆ ಗೊತ್ತೇ? ಚಳಿಯಾದರೆ ನಾವು ನಡುಗುತ್ತೇವೆ. ನಡುಗಿದಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ. ಆಗತಾನೇ ಹುಟ್ಟಿದ ನಾಯಿಮರಿಗೆ ನಡುಗಲೂ ಬರುವುದಿಲ್ಲ. ತಾಯಿಯ ಮೈಯೇ ಅದಕ್ಕೆ ಒಲೆ. ಮೈ ತಣ್ಣಗಾದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಹಾಲು ಜೀರ್ಣವಾಗುವುದಿಲ್ಲ. ಚೀಪಿ ನುಂಗುವ ಶಕ್ತಿಯೂ ಕುಂದುವುದರಿಂದ, ಬಾಯಿಗೆ ಸುರಿದ ಹಾಲು ಶ್ವಾಸಕೋಶ ಸೇರಬಹುದು.

ಅವ್ವ ಮರಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಒಲೆಯ ಉರಿಗೆ ಹಿಡಿಯಲಿಲ್ಲ; ಕಾವು ನಿಧಾನವಾಗಿ ಏರಬೇಕು. ಬಹಳ ಹೊತ್ತಿನ ಮೇಲೆ ಮರಿ ಕುಂಯ್‌ಗುಟ್ಟಿತು. ಆಗ ಅದನ್ನು ತಾಯಿಯ ಮೊಲೆಗೆ ಹಚ್ಚಿದಳು. ಅದು ಚೀಪತೊಡಗಿತು! ಮೊದಲ ದಿನದ ಗಿಣ್ಣಹಾಲಿನಲ್ಲಿ ರೋಗ ತಡೆಯುವ ಪ್ರತಿಕಾಯಗಳಿರುತ್ತವೆ. ಆಕಳ ಹಾಲು ಇದಕ್ಕೆ ಬದಲಿಯಲ್ಲ. ನಾಯಿಯ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಆಕಳ ಹಾಲಿನ ಸುಮಾರು ಎರಡರಷ್ಟಿರುತ್ತವೆ.

ನಮ್ಮ ಜಿಲ್ಲೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. ಅಂಥ ಹೆಸರಾಂತ ತಳಿಯ ಮರಿಯೂ ಬೀದಿನಾಯಿಯ ಮರಿಯಂತೆಯೇ ಕಣ್ಣು, ಕಿವಿ ಮುಚ್ಚಿಕೊಂಡೇ ಹುಟ್ಟುತ್ತದೆ. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ. ಎಂಟು ವಾರವಾಗುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಜಂತುಹುಳುವಿನ ಔಷಧಿ, ಲಸಿಕೆಗಳಿಗೆ ಪಶು ಆಸ್ಪತ್ರೆಯಲ್ಲಿ ಕೇಳಿ.

ಒಂದು ಎಚ್ಚರಿಕೆ: ಈದ ನಾಯಿ ಮರಿಗಳನ್ನು ಕಾಯಲು ಕಚ್ಚಬಹುದು. ನೀವಾಗಿ ಮರಿ ಮುಟ್ಟದೆ, ನಾಯಿಗೆ ಪರಿಚಯವಿರುವ ಹಿರಿಯರನ್ನು ಕರೆಯಿರಿ. ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ಮಾಡಿ ನೋಡಿ: ಮರಿಗಳು ಹುಟ್ಟಿದ ದಿನ, ಕಣ್ಣು ತೆರೆದ ದಿನ, ಮೊದಲು ನಡೆದ ದಿನಗಳನ್ನು ದೂರದಿಂದಲೇ ನೋಡಿ ಬರೆದಿಡಿ. ಚಳಿಯಲ್ಲಿ ಅವು ಹೇಗೆ ಮಲಗುತ್ತವೆ, ಬಿಸಿಲಿನಲ್ಲಿ ಹೇಗೆ? ಗಮನಿಸಿ.