ಕಂಪ್ಯೂಟರಿಗೂ ಒಂದು ಒಗ್ಗರಣೆ ಡಬ್ಬಿ

ಹೋದ ತಿಂಗಳು ಯಾಕೆ ಏನೂ ಬರೀಲಿಲ್ಲ ಅಂತ ಚಿಕ್ಕವ್ವ ಫೋನ್ ಮಾಡಿ ಕೇಳಿದ್ರು. ಬರಿಯೋಕೆ ಕೈ ಬರ್ತಿರಲಿಲ್ಲ ಚಿಕ್ಕವ್ವ. ಬಲಗೈ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ರಾತ್ರಿ ಜೋಮು ಹಿಡಿದು ಎಚ್ಚರ ಆಗೋದು. ಬೆಳಿಗ್ಗೆ ಎದ್ದು ಕೈ ಕೊಡವಿದ ಮೇಲೇ ಕಾಫಿ ಲೋಟ ಹಿಡಿಯೋಕೆ ಆಗೋದು. ತೋರಿಸಿದ್ರೆ, ಮಣಿಕಟ್ಟಲ್ಲಿ ನರ ಅದುಮಿಕೊಂಡಿದೆ, ರಾತ್ರಿ ಪಟ್ಟಿ ಕಟ್ಟಿಕೊಳ್ಳಿ, ಬಟ್ಟೆ ಹಿಂಡೋದು, ಮೌಸ್ ಒತ್ತೋದು ಎರಡೂ ಕಮ್ಮಿ ಮಾಡಿ ಅಂದ್ರು ಡಾಕ್ಟ್ರು.

ಬಟ್ಟೆ ಹಿಂಡೋಕೆ ಮನೆಯವರು ಬಂದ್ರು. ಮೌಸ್ ಒತ್ತೋಕೆ ಯಾರು ಬರ್ತಾರೆ?

ನಮ್ಮ ಜಗುಲಿ ಪಕ್ಕದ ಕೋಣೆ ನಿಮಗೆಲ್ಲ ಗೊತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಬಂಡೀಪುರದ ಕಾಡಂಚಿನ ಊರು ನಮ್ಮದು. ರಾತ್ರಿ ಆನೆ ಬಂದು ಹೋದ್ರೆ ಬೆಳಿಗ್ಗೆ ಏಳಕ್ಕೇ ಜನ ಜಗುಲಿ ಮೇಲೆ ಕೂತಿರ್ತಾರೆ. 'ಆನ ನುಗ್ಗಿ ಜೋಳನೆಲ್ಲ ತುಳ್ದಾಕ್ಬುಟ್ಟದ ಕನವ್ವ, ಒಂದು ಅರ್ಜಿ ಬರ್ಕೊಡು.' ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ತುಳಿದ ಹೊಲದ ಫೋಟೊ, ಎಲ್ಲ ಜೋಡಿಸಬೇಕು. ಅದರ ಜೊತೆಗೆ ಪಿಂಚಣಿ ಅರ್ಜಿ, ಮದುವೆ ಪತ್ರಿಕೆ, ಸಂಘದ ಲೆಕ್ಕ. ಮಗಳ ಹಾಸ್ಟೆಲ್ ಫೀಸು ಹೋಗೋದು ಆ ಕೋಣೆಯಿಂದಲೇ. ಒಂದು ದಿನ ಸುಮ್ಮನೆ ಎಣಿಸಿದೆ, ಒಂದು ಅರ್ಜಿಗೆ ಎಷ್ಟು ಸಲ ಮೌಸ್ ಒತ್ತುತೀನಿ ಅಂತ. 70 ದಾಟಿದ ಮೇಲೆ ಎಣಿಕೆ ತಪ್ಪಿತು.

ಮೈಸೂರಲ್ಲಿ ಓದ್ತಿರೋ ಮಗಳು ರಜಕ್ಕೆ ಬಂದಾಗ ಹೇಳಿದ್ಲು, 'ಅವ್ವ, ಚಕ್ರದ ಮೆನು ಅಂತ ಒಂದು ಬತ್ತದ. ಹಾಕ್ಕೊಡ್ತಿನಿ, ನೋಡು.' ನಾವು ದಿನಾ ನೋಡೋ ಮೆನು ದಿನಸಿ ಚೀಟಿ ಇದ್ದಂಗೆ, ಮೇಲಿಂದ ಕೆಳಕ್ಕೆ ಒಂದರ ಕೆಳಗೊಂದು. ಓದಬೇಕು, ಹುಡುಕಬೇಕು, ಆ ಸಣ್ಣ ಸಾಲಿನ ಮೇಲೇ ಸರಿಯಾಗಿ ಬಾಣ ನಿಲ್ಲಿಸಿ ಒತ್ತಬೇಕು. ಚಕ್ರದ ಮೆನು ಹಂಗಲ್ಲ. ಬಾಣ ಎಲ್ಲಿದೆಯೋ ಅದರ ಸುತ್ತಲೇ ರಂಗೋಲಿ ಹಂಗೆ ತೆರೆದುಕೊಳ್ಳುತ್ತೆ. ಎಲ್ಲವೂ ನಡುವಿನಿಂದ ಒಂದೇ ದೂರ. ಮೇಲಕ್ಕೆ ದೂಡಿದ್ರೆ ಒಂದು ಕೆಲಸ, ಬಲಕ್ಕೆ ದೂಡಿದ್ರೆ ಇನ್ನೊಂದು.

ಇದೇನು ಹೊಸದಲ್ಲ. 1988ರಲ್ಲೇ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಎಂಟು ಬಾಬ್ತಿನ ಉದ್ದ ಮೆನು, ಎಂಟು ಬಾಬ್ತಿನ ದುಂಡು ಮೆನು ಎರಡನ್ನೂ ಜನರ ಕೈಲಿ ಕೊಟ್ಟು ನೋಡಿದ್ದರಂತೆ. ದುಂಡಗಿರೋದರಲ್ಲಿ ಹೊತ್ತು ಸುಮಾರು 15% ಕಮ್ಮಿ ಹಿಡಿಯಿತು.

ಮಗಳು ಇದನ್ನೆಲ್ಲ ಹೇಳ್ತಿದ್ರೆ ನನ್ನ ಕಣ್ಣು ಅಡುಗೆಮನೆ ಕಡೆ ಹೋಯ್ತು. ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಆದ್ರೂ ಒಗ್ಗರಣೆ ಅವರದ್ದೇ. ಡಬ್ಬಿ ಮುಚ್ಚಳ ತೆಗೆದು ಕೈ ಇಟ್ರೆ ಸಾಸಿವೆ ಸಾಸಿವೆಯೇ, ಜೀರಿಗೆ ಜೀರಿಗೆಯೇ. ಸುತ್ತ ಆರು ಬಟ್ಟಲು, ನಡುವೆ ಒಂದು. ಬೆರಳಿಗೆ ದಿಕ್ಕು ಗೊತ್ತು, ಕಣ್ಣು ಬೇಕಿಲ್ಲ. ನಂಗೆ ಬೇಕಿರೋದು ಇದೇ ಅಂತ ಆಗಲೇ ಅನ್ನಿಸಿತು.

ಆರಿಸೋದು ಮಾತ್ರ ಸುಲಭ ಆಗಲಿಲ್ಲ. ಮೂರು ಥರದ್ದು ನೋಡಿದ್ವಿ. ಮೊದಲನೇದು ಆಟೋಹಾಟ್‌ಕೀ. ದುಡ್ಡು ಕೊಡೋದಿಲ್ಲ, ವಿಂಡೋಸ್‌ನಲ್ಲಿ ಏನು ಬೇಕಾದ್ರೂ ಮಾಡಿಸಬಹುದು, ಆದ್ರೆ ಪ್ರತಿ ಕೆಲಸಕ್ಕೂ ನಾವೇ ಸಾಲು ಸಾಲು ಬರೆದು ಹೇಳಿಕೊಡಬೇಕು. ಮಗಳು ವಾಪಸ್ ಹೋದ ಮೇಲೆ ಒಂದು ಗುರುತು ತಪ್ಪಿದ್ರೆ ನಾನು ಯಾರನ್ನ ಕೇಳಲಿ? ಎರಡನೇದು ಮೌಸ್ ಕಂಪನಿಗಳೇ ತಮ್ಮ ಮೌಸಿನ ಜೊತೆ ಕೊಡೋ ಚಕ್ರ. ಅದಕ್ಕೆ ಆ ಮೌಸೇ ಬೇಕು. ಮೂರನೇದು ಕ್ಯಾಂಡೋ. ಇದೂ ದುಡ್ಡಿಲ್ಲದ್ದೇ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತೆ. ಏನೂ ಬರೆಯೋ ಹಂಗಿಲ್ಲ, ಪರದೆ ಮೇಲೆ ಎಳೆದು ಎಳೆದು ಜೋಡಿಸೋದು. ಹೆಸರು ಕನ್ನಡದಲ್ಲೇ ಕೊಡಬಹುದು. ಎಲ್ಲಕ್ಕಿಂತ ನಂಗೆ ಹಿಡಿಸಿದ್ದು, ಎಡಗೈಲಿ ಕೀ ಹಿಡಿದುಕೊಂಡು ಬಲಗೈಲಿ ಮೌಸ್ ಒಂಚೂರು ದೂಡಿ, ಆಮೇಲೆ ಕೀ ಬಿಟ್ರೆ ಕೆಲಸ ಆಗುತ್ತೆ. ಬಲಗೈ ಒತ್ತೋ ಹಂಗೇ ಇಲ್ಲ. ಕ್ಯಾಂಡೋನೇ ಇರಲಿ ಅಂದೆ.

ಶುರುವಲ್ಲಿ ಆಸೆಬುರುಕಿ ಹಂಗೆ 14 ಕೆಲಸ ತುಂಬಿದೆ. ಒಂದೊಂದಕ್ಕೂ ಎಳ್ಳಷ್ಟು ಜಾಗ, ದೂಡಿದ್ದು ಎಲ್ಲಿಗೋ ಹೋಗಿದ್ದು ಎಲ್ಲಿಗೋ. ಅದೇ ವಾರ ನಾನು ಒಗ್ಗರಣೆ ಡಬ್ಬಿ ತೊಳೆದು ಬಟ್ಟಲು ಅದಲುಬದಲು ಇಟ್ಟುಬಿಟ್ಟಿದ್ದೆ. ಅತ್ತೆ ಜೀರಿಗೆ ಅಂತ ಮೆಂತ್ಯ ಹಾಕಿ ಸಾರು ಕಹಿ ಆಯ್ತು. 'ಯಾರವ್ವ ನನ್ ಡಬ್ಬಿ ಮುಟ್ದವ್ರು? ನನ್ ಕಣ್ಣು ಕಿತ್ಕೊಂಡಂಗಾಯ್ತಲ್ಲ' ಅಂದ್ರು. ಅವರು ಬೈದಿದ್ದು ನನ್ನೆದೆಗೆ ನಾಟಿತು. ಆ ರಾತ್ರಿ ಕೂತು 14ನ್ನ ಆರಕ್ಕೆ ಇಳಿಸಿದೆ. ಎಡಕ್ಕೆ ನಕಲು ಎತ್ತಿಕೊಳ್ಳೋದು, ಬಲಕ್ಕೆ ಇಡೋದು. ಮೇಲಕ್ಕೆ ಕನ್ನಡ–ಇಂಗ್ಲಿಷ್ ಬದಲಾಯಿಸೋದು. ಕೆಳಕ್ಕೆ ಪ್ರಿಂಟ್. ಮೇಲಿನ ಬಲಮೂಲೆಗೆ ಫೋಟೊ ಫೋಲ್ಡರ್ ತೆರೆಯೋದು. ಕೆಳಗಿನ ಎಡಮೂಲೆಗೆ ಅರ್ಜಿಯ ಮೊದಲ ಸಾಲುಗಳು, ತಾನೇ ಬರೆದುಕೊಳ್ಳೋ ಹಂಗೆ. ಆಮೇಲೆ ಒಂದನ್ನೂ ಜಾಗ ಬದಲಾಯಿಸಿಲ್ಲ. ಎರಡು ವಾರಕ್ಕೆ ಕೈ ತಾನೇ ಹೋಗೋಕೆ ಶುರುವಾಯ್ತು.

ಇಷ್ಟೇ ಆಗಿದ್ರೆ ಇದನ್ನ ಬರೀತಿರಲಿಲ್ಲ. ಮುಂದೆ ಆಗಿದ್ದನ್ನ ಹೇಳೋಕೆ ನಂಗೆ ನಾಚಿಕೆ.

ತೆರಕಣಾಂಬಿ ಕಡೆಯ ಒಬ್ಬ ಅಕ್ಕ ತಂಗಿ ಮನೆಗೆ ಅಂತ ನಮ್ಮೂರಿಗೆ ಬಂದಿದ್ರು. ಗಂಡ ಇಲ್ಲ, ಇರೋ ಒಂದೆಕರೆ ಬಾಳೆ ಹಂದಿ ಪಾಲಾಗಿತ್ತು. ಅವರಿಗೂ ಒಂದು ಅರ್ಜಿ ಬರೆದೆ. ಕೈ ಸಲೀಸಾಗಿ ಓಡ್ತಿತ್ತು, ನಂಗೂ ಒಂಥರಾ ಜಂಬ. ಪ್ರಿಂಟ್ ತೆಗೆದು ಕೊಟ್ಟೆ. ಆಯಮ್ಮ ಹಾಳೆನ ತಿರುಗಿಸಿ ನೋಡಿ, 'ನಂಗ ಓದಕ ಬರಕಿಲ್ಲ ಕನವ್ವ, ಒಂದ್ಸಲ ಓದೇಳು' ಅಂದ್ರು. ಓದಿದೆ. 'ಗುಂಡ್ಲುಪೇಟೆ ತಾಲ್ಲೂಕು, ಹಂಗಳ ಹೋಬಳಿ' ಅಂತ ಬಾಯಿಗೆ ಬಂತು ನೋಡಿ, ಎದೆ ಧಸಕ್ಕೆಂದಿತು. ದಿನಾ ಬರೋ ನಮ್ಮೂರವರ ಸಾಲನ್ನೇ ಆ ಮೂಲೆಗೆ ತುಂಬಿದ್ದೆ. ಆಯಮ್ಮನದು ತೆರಕಣಾಂಬಿ ಹೋಬಳಿ. ಪಹಣಿಲಿ ಒಂದು ಹೋಬಳಿ, ಅರ್ಜಿಲಿ ಇನ್ನೊಂದು. ಹಂಗೇ ಕೊಟ್ಟಿದ್ರೆ ಅರ್ಜಿ ವಾಪಸ್ ಬರೋದು, ಆಯಮ್ಮ ಕೂಲಿ ಬಿಟ್ಟು ಬಸ್ಸಿಗೆ ದುಡ್ಡು ಹಾಕಿ ಮತ್ತೆ ಅಲೀಬೇಕಿತ್ತು. ಅಷ್ಟರಲ್ಲಿ ತಿಂದುಳಿದ ಬಾಳೆಯೂ ಒಣಗಿ, ತೋರಿಸೋಕೇ ಏನೂ ಇರ್ತಿರಲಿಲ್ಲ.

ತಪ್ಪು ಚಕ್ರದ್ದಲ್ಲ, ನನ್ನದು. ಅದು ಹೇಳಿದ್ದನ್ನ ಮಾಡ್ತು. ಎಲ್ಲರಿಗೂ ಒಂದೇ ಆಗಿರೋದನ್ನ ಮಾತ್ರ ಅದರ ಕೈಗೆ ಕೊಡಬೇಕಿತ್ತು. ಊರು, ಹೋಬಳಿ, ಸರ್ವೆ ನಂಬರು, ಖಾತೆ ನಂಬರು ಒಬ್ಬೊಬ್ಬರದು ಒಂದೊಂದು. ಅದನ್ನ ಆಯಾ ಮನುಷ್ಯರ ಮುಖ ನೋಡಿಕೊಂಡೇ ಬರೀಬೇಕು. ಅಡುಗೆಲೂ ಹಂಗೇ ಅಲ್ವಾ? ಸಾಸಿವೆ ಸಿಡಿಸೋದು ಎಲ್ಲ ಮನೇಲೂ ಒಂದೇ, ಉಪ್ಪು ಮಾತ್ರ ಉಣ್ಣೋರ ಬಾಯಿ ನೋಡಿ ಹಾಕೋದು.

ಆ ಸಾಲನ್ನ ಅವತ್ತೇ ಕತ್ತರಿಸಿದೆ. ಈಗ ಅಲ್ಲಿರೋದು 'ಮಾನ್ಯರೇ, ಕಾಡುಪ್ರಾಣಿಗಳಿಂದ ನನ್ನ ಬೆಳೆ ಹಾನಿಯಾಗಿರುತ್ತದೆ' ಅನ್ನೋದಷ್ಟೇ. ಕೆಳಕ್ಕೆ ದೂಡಿದ್ರೂ ಪ್ರಿಂಟಿನ ಕಿಟಕಿ ತೆರೆಯುತ್ತೆ, ಹಾಳೆ ತಾನಾಗೇ ಬರೋದಿಲ್ಲ. ಅಳಿಸೋದು, ಕಳಿಸೋದು ಎರಡನ್ನೂ ಚಕ್ರಕ್ಕೆ ಹಾಕೇ ಇಲ್ಲ. ಉಳಿದ ಹೊತ್ತಲ್ಲಿ ಪ್ರತಿ ಅರ್ಜಿನೂ ಜೋರಾಗಿ ಓದಿ ಹೇಳ್ತೀನಿ, ಓದೋಕೆ ಬರೋರಿಗೂ.

ಕೈ ಪೂರ್ತಿ ವಾಸಿ ಆಯ್ತು ಅಂತ ಸುಳ್ಳು ಹೇಳೋದಿಲ್ಲ. ಪಟ್ಟಿ ಇನ್ನೂ ಕಟ್ಟುತೀನಿ. ಜೋಮು ದಿನಾ ರಾತ್ರಿ ಬರೋದು ಈಗ ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆ. ಅದು ಪಟ್ಟಿಯಿಂದಲೋ, ಚಕ್ರದಿಂದಲೋ, ಬಟ್ಟೆ ಹಿಂಡೋದು ಬಿಟ್ಟಿದ್ದರಿಂದಲೋ ಹೇಳಲಾರೆ. ಕೋಣೆ ಬಾಗಿಲು ಮಾತ್ರ ಮುಚ್ಚಲಿಲ್ಲ.

ಸಂಘದ ಲೆಕ್ಕ ಬರೆಯೋರು, ಟೈಲರಿಂಗ್ ಬಿಲ್ ಮಾಡೋರು ಯಾರಿಗಾದ್ರೂ ಬೇಕಿದ್ರೆ ಭಾನುವಾರ ಮಧ್ಯಾಹ್ನ ಬನ್ನಿ, ಕೂತು ಹಾಕಿಕೊಡ್ತೀನಿ. ದಿನಾ ಒಂದೇ ಥರ ಮಾಡೋ ಕೆಲಸ ಯಾವ್ಯಾವುದು ಅಂತ ಮನೇಲೇ ಯೋಚಿಸಿ ಚೀಟಿಲಿ ಬರ್ಕೊಂಡು ಬನ್ನಿ. ಆರು ಸಾಕು. ಹಂಗೇ, ಬಂದೋರು ಅಡುಗೆಮನೆ ಡಬ್ಬಿ ಮಾತ್ರ ಮುಟ್ಟಬೇಡಿ, ಅತ್ತೆ ಸುಮ್ನಿರಕಿಲ್ಲ.