ಅಪ್ಪನ ಕಾರು, ನನ್ನ ಪೇಂಟು

ಅಪ್ಪನ ಹಳೇ ಮಾರುತಿ 800ರ ಬಾನೆಟ್ ಮಾಸಿಹೋಗಿತ್ತು. ಪೇಂಟರಣ್ಣ ಐದು ಸಾವಿರ ಕೇಳಿದರು. "ಸ್ಪ್ರೇ ಕ್ಯಾನ್ ತಂದು ನಾನೇ ಹೊಡೀತೀನಪ್ಪ" ಅಂದೆ. ಮೆಕ್ಯಾನಿಕಲ್ ಓದ್ತಿದ್ದೀನಲ್ಲ!

ಜುಲೈನಲ್ಲಿ, ಮಳೆ ನಿಂತ ಒಂದು ಸಂಜೆ ಹೊಡೆದೆ. ಬೆಳಿಗ್ಗೆ ನೋಡಿದರೆ ಕೆಂಪು ಬಣ್ಣದ ಮೇಲೆಲ್ಲ ಬಿಳಿ ಮಬ್ಬು.

ಕೊನೆಗೆ ಪೇಂಟರಣ್ಣನ ಹತ್ತಿರವೇ ಹೋದೆವು. ಅವರು ನಗಲಿಲ್ಲ. "ಥಂಡಿ ಹವೆಯಲ್ಲಿ ಹೊಡೀಬಾರ್ದು ತಮ್ಮಾ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯಲ್ಲಿರೋ ನೀರು ಬಂದು ಕೂರುತ್ತೆ."

ಡ್ಯೂ ಪಾಯಿಂಟ್! ಆ ಲೆಕ್ಕಕ್ಕೆ ಪರೀಕ್ಷೆಯಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು.

ನನ್ನ ಪೇಂಟ್ ಉಜ್ಜಿ ತೆಗೆಯೋಕೆ ಸಾವಿರ ಜಾಸ್ತಿ ಆಯ್ತು. ಅಪ್ಪ ಏನೂ ಅನ್ನದೆ ಕೊಟ್ಟರು. ಅದೇ ಚುಚ್ಚಿತು. ಮರುದಿನದಿಂದ ಶೆಡ್ಡಿಗೆ ಹೋಗಿ ವಾಟರ್ ಪೇಪರ್ ಹಿಡಿದು ನಾನೇ ಉಜ್ಜಿದೆ.

ಸಣ್ಣ ಗೀರಾದರೆ ಒಳ್ಳೇ ಬಿಸಿಲಿನ ದಿನ ನೀವೇ ಹೊಡೀರಿ. ಇಡೀ ಬಾನೆಟ್ ಆದರೆ, ಮೊದಲು ಪೇಂಟರಣ್ಣನನ್ನ ಮಾತಾಡಿಸಿ.